ಬಿಸಿಲೂರಿನವರಿಗೆ ಸೂರ್ಯನ ಪರಿಚಯವಿಲ್ಲ

ನಮ್ಮ ಹಾಸ್ಟೆಲಿನಲ್ಲಿ ಒಂದು ಹಳೇ ಜೋಕ್ ಇದೆ. ಮಲೆನಾಡಿನಿಂದ ಬಂದ ಫಸ್ಟ್ ಇಯರ್ ಹುಡುಗ ಏಪ್ರಿಲ್ ತಿಂಗಳಲ್ಲಿ ಬೆವರು ಒರೆಸ್ಕೊಂಡು ಕೇಳ್ತಾನೆ, "ನಿಮ್ಮ ಕಡೆ ಎಷ್ಟು ಸೂರ್ಯ ಇದಾರೆ ಮಾರಾಯ?" ಸೀನಿಯರ್ ಹೇಳ್ತಾನೆ, "ತಲೀಗೊಂದು. ನಿಂದು ಇನ್ನೂ ಅಲಾಟ್ ಆಗಿಲ್ಲ, ಆಫೀಸಿನ್ಯಾಗ ಅರ್ಜಿ ಕೊಡು."

ಪ್ರತಿ ವರ್ಷ ಇದಕ್ಕೆ ಎಲ್ಲರೂ ನಗ್ತೀವಿ. ಕಲಬುರಗಿ ಅಂದ್ರೆ ತೊಗರಿ, ಕಲಬುರಗಿ ಅಂದ್ರೆ ಬಿಸಿಲು. ಆಳಂದ, ಅಫಜಲಪುರ, ಜೇವರ್ಗಿಯಿಂದ ದಿನಾ ಬಸ್ಸಿಗೆ ಬರೋ ನಮ್ಮ ಕ್ಲಾಸ್‌ಮೇಟ್‌ಗಳ ತಲೆ ಮೇಲಿನ ಟವೆಲ್ ನೋಡಿದ್ರೆ ಸಾಕು, ಸೂರ್ಯನ ಜೊತೆ ನಮ್ಮ ಸಂಬಂಧ ಎಂಥದು ಅಂತ ಗೊತ್ತಾಗುತ್ತೆ. ಆದ್ರೆ ಒಂದಿನ ಕ್ಯಾಂಟೀನಿನಲ್ಲಿ ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ. ನಿಮ್ಮಲ್ಲಿ ಸೂರ್ಯನನ್ನು ನೋಡಿದವರು ಯಾರು? ಬಿಸಿಲನ್ನಲ್ಲ, ಸೂರ್ಯನನ್ನು. ದುಂಡಗೆ, ಅಂಚು ಸ್ಪಷ್ಟವಾಗಿ, ಮೈಮೇಲೆ ಕಲೆ ಇರೋ ಒಂದು ವಸ್ತುವಾಗಿ? ಅಷ್ಟು ದೊಡ್ಡ ಗುಂಪಿನಲ್ಲಿ ಮೂರೋ ನಾಲ್ಕೋ ಕೈ ಎದ್ದವು. ಅದರಲ್ಲೂ ಒಬ್ಬ ನೋಡಿದ್ದು ಯೂಟ್ಯೂಬಿನಲ್ಲಿ.

ನನ್ನ ವಾದ ಇಷ್ಟು. ನಮ್ಮ ಕ್ಲಬ್ಬಿನ ಟೆಲಿಸ್ಕೋಪ್ ವರ್ಷಕ್ಕೆರಡು ಸಲ ರಾತ್ರಿ ಹೊತ್ತು ಚಂದ್ರನ ಗುಂಡಿ ತೋರಿಸಿ ಪೆಟ್ಟಿಗೆ ಸೇರುತ್ತೆ. ಅದು ಹಗಲು ಹೊತ್ತು ಕೆಲಸ ಮಾಡಬೇಕು. ಕ್ಯಾಂಪಸ್ಸಿನಲ್ಲಲ್ಲ, ಈ ಮೂರು ತಾಲ್ಲೂಕಿನ ಶಾಲೆಗಳ ಅಂಗಳದಲ್ಲಿ. ಮುಂದೆ ಸರಿಯಾದ ಫಿಲ್ಟರ್ ಹಾಕಿಕೊಂಡು. ಆ "ಸರಿಯಾದ" ಅನ್ನೋ ಪದದ ಮೇಲೆ ನಾನು ಇಷ್ಟು ಒತ್ತು ಕೊಡೋದಕ್ಕೆ ಒಂದು ಕಾರಣ ಇದೆ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಸೆಕೆಂಡ್ ಇಯರ್‌ನಲ್ಲಿ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಎನ್‌ಎಸ್‌ಎಸ್ ಕ್ಯಾಂಪ್ ಇತ್ತು. ಬಿಳಿಜೋಳ ತೆನೆ ಬಿಟ್ಟ ಕಾಲ. ನಾನೂ ಇನ್ನಿಬ್ಬರೂ 114 ಮಿಲಿಮೀಟರಿನ ರಿಫ್ಲೆಕ್ಟರ್ ಹೊತ್ತುಕೊಂಡು ಹೋಗಿದ್ವಿ. ರಾತ್ರಿ ಚಂದ್ರ ತೋರಿಸಿದ್ವಿ, ಊರೇ ಬಂತು. ಆ ಹುಮ್ಮಸ್ಸಿನಲ್ಲಿ ಮರುದಿನ ಬೆಳಿಗ್ಗೆ ಶಾಲೆ ಮುಂದೆ ಸೂರ್ಯ ತೋರಿಸೋಣ ಅಂತ ಆಯ್ತು. ಫಿಲ್ಟರ್ ಹಾಳೆ ಅಸಲಿದೇ. ಅದರಲ್ಲಿ ಮೋಸ ಇರಲಿಲ್ಲ. ಆದ್ರೆ ಅದನ್ನ ಕೊಳವೆ ಬಾಯಿಗೆ ಕೂಡಿಸಿದ್ದು ಸೆಲ್ಲೋಟೇಪಿನಲ್ಲಿ. ಮೆಕ್ಯಾನಿಕಲ್ ಓದೋ ನಾನು, ಸೆಲ್ಲೋಟೇಪಿನಲ್ಲಿ!

ಪಾಳಿ ಹಚ್ಚಿದ್ವಿ. ಹದಿನೈದು ಇಪ್ಪತ್ತು ಹುಡುಗರು ನೋಡಿ ಇಳಿದ್ರು. ಹೊಲದ ಕಡೆಯಿಂದ ಒಂದು ಗಾಳಿ ಬಂತು. ದೊಡ್ಡ ಗಾಳಿ ಏನಲ್ಲ, ಧೂಳು ಎಬ್ಬಿಸುವಷ್ಟು. ನನ್ನ ಗೆಳೆಯ ಬೆನ್ನು ತಿರುಗಿಸಿ ಮಾಸ್ತರಿಗೆ ಏನೋ ವಿವರಿಸ್ತಿದ್ದ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಇಟ್ಟಂಗಿ ಮೇಲೆ ಹತ್ತಿ ಐಪೀಸಿಗೆ ಬಗ್ಗೋಕೆ ತಯಾರಾಗಿದ್ದಳು. ಅವಳ ಅಂಗಿ ಮೇಲೆ ಒಂದು ಬೆಳ್ಳನೆ ದುಂಡು ಬೆಳಕು ಬಿದ್ದದ್ದು ನನಗೆ ಕಾಣಿಸ್ತು. ಐಪೀಸಿನಿಂದ ಬರ್ತಿದ್ದ ಬೆಳಕು. ತಲೆ ಎತ್ತಿದ್ರೆ ಫಿಲ್ಟರ್ ಒಂದೇ ಬದಿಯ ಟೇಪಿನಲ್ಲಿ ಡಬ್ಬಿ ಮುಚ್ಚಳದ ಹಾಗೆ ಜೋತಾಡ್ತಿತ್ತು. ಕೊಳವೆಯನ್ನ ಕೈಯಿಂದ ನೂಕಿಬಿಟ್ಟೆ. ಸ್ಟ್ಯಾಂಡ್ ಸಮೇತ ಬಿತ್ತು. ಕನ್ನಡಿ ಅಲೈನ್‌ಮೆಂಟ್ ಹೋಯ್ತು, ಆಮೇಲೆ ಸರಿ ಮಾಡೋಕೆ ಒಂದು ವಾರ ಹಿಡೀತು.

ಆ ಹುಡುಗಿ ಕೇಳಿದ್ಳು, "ಯಾಕ್ರಿ ಅಣ್ಣಾ, ನನ್ ಪಾಳಿ ಬಂದಿತ್ತಲ್ರಿ?"

ಎರಡು ಸೆಕೆಂಡ್ ಹೆಚ್ಚು ಕಮ್ಮಿ ಆಗಿದ್ರೆ ಏನಾಗ್ತಿತ್ತು ಅಂತ ಅವತ್ತು ರಾತ್ರಿ ಕಾಗದದ ಮೇಲೆ ಲೆಕ್ಕ ಮಾಡಿದೆ. ಲೆಕ್ಕ ಸುಲಭ, ನೀವೂ ಮಾಡಬಹುದು. ನೆತ್ತಿ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬೀಳುತ್ತೆ. 114 ಮಿ.ಮೀ. ಬಾಯಿಯ ಕೊಳವೆ ಅದರಲ್ಲಿ ಸುಮಾರು 10 ವ್ಯಾಟ್ ಹಿಡಿಯುತ್ತೆ. ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಶಕ್ತಿ, ಒಂದು ಮಗುವಿನ ಕಣ್ಣೊಳಗೆ. ನಾವು ಹುಷಾರಾಗಿ ಹಿಡೀರಿ ಅಂತ ಬಯ್ಯಿಸಿಕೊಳ್ಳೋ 5 ಮಿಲಿವ್ಯಾಟಿನ ಲೇಸರ್ ಪಾಯಿಂಟರಿಗೆ ಹೋಲಿಸಿದ್ರೆ ಇದು ಎರಡು ಸಾವಿರ ಪಟ್ಟು. ಬಿಸಿಲಿನಲ್ಲಿ ನಮ್ಮ ಕಣ್ಣ ಪಾಪೆ ಎರಡು ಮಿ.ಮೀ. ಆಸುಪಾಸಿಗೆ ಕುಗ್ಗಿರುತ್ತೆ. ಅದಕ್ಕೆ ಹೋಲಿಸಿದ್ರೆ ಆ ಕೊಳವೆ ಮೂರು ಸಾವಿರ ಪಟ್ಟಿಗಿಂತ ಹೆಚ್ಚು ಬೆಳಕು ಕೂಡಿಹಾಕುತ್ತೆ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯ್ತು. ರೆಟಿನಾದಲ್ಲಿ ನೋವು ತಿಳಿಸೋ ನರ ಇಲ್ಲ. ಸುಟ್ಟದ್ದು ಸುಟ್ಟ ಹೊತ್ತಿನಲ್ಲಿ ಗೊತ್ತಾಗಲ್ಲ. ಗಂಟೆಗಳ ಮೇಲೆ, ನೋಡಿದ ಕಡೆಯೆಲ್ಲ ನಟ್ಟ ನಡುವೆ ಒಂದು ಮಬ್ಬು ಕಲೆ ಕಾಣೋಕೆ ಶುರುವಾದಾಗ ಗೊತ್ತಾಗುತ್ತೆ.

ಇಷ್ಟೆಲ್ಲ ಆದ ಮೇಲೂ ಇವನು ಸೂರ್ಯ ತೋರಿಸೋಣ ಅಂತಾನಲ್ಲ ಅಂತ ನಿಮಗೆ ಅನ್ನಿಸಬಹುದು. ನನ್ನ ಗೆಳೆಯರಿಗೂ ಹಾಗೇ ಅನ್ನಿಸ್ತು, ಕ್ಯಾಂಪಿನ ಉಳಿದ ದಿನ ಟೆಲಿಸ್ಕೋಪ್ ಪೆಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಅದು ತಪ್ಪಾಯ್ತು ಅಂತ ಈಗ ಅನ್ಸುತ್ತೆ. ಯಾಕೆ ಅಂತ ಹೇಳಬೇಕಂದ್ರೆ 2019ರ ಡಿಸೆಂಬರ್ 26ಕ್ಕೆ ಹೋಗಬೇಕು.

ಅವತ್ತಿನ ಕಂಕಣ ಗ್ರಹಣ ಕಾಸರಗೋಡಿನ ಚೆರುವತ್ತೂರು, ಕೊಡಗು ಕಡೆಯವರಿಗೆ ಪೂರ್ತಿ ಉಂಗುರವಾಗಿ ಕಂಡಿತು. ನಮ್ಮ ಕಡೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಸುಮಾರು ಮುಕ್ಕಾಲು ಪಾಲು ಸೂರ್ಯ ಮುಚ್ಚಿತ್ತು. ನಾನಾಗ ಹತ್ತನೇ ಕ್ಲಾಸು, ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ. ಆಯಿ ಬಾಗಿಲು ಹಾಕಿ, ನೀರಿನ ಕೊಡಕ್ಕೆ ಗರಿಕೆ ಹಾಕಿ, ಒಂದು ಹರಿವಾಣದಲ್ಲಿ ನೀರು ತುಂಬಿ ನಡುವೆ ಒನಕೆ ನಿಲ್ಲಿಸಿದ್ದಳು. ಒನಕೆ ನಿಂತಿದೆ ಅಂದ್ರೆ ಗ್ರಹಣ ಹಿಡದದ, ಬಿದ್ರೆ ಬಿಟ್ಟದ. ನಾನು ಅವಳ ಕಣ್ಣು ತಪ್ಪಿಸಿ ಹಿತ್ತಲಿಗೆ ಹೋಗಿ ಮುತ್ಯಾನ ಮುರಿದ ಕಾಲಿನ ಎಕ್ಸ್‌ರೇ ಹಿಡಿದು ಸೂರ್ಯನನ್ನು ನೋಡಿದೆ. ಎಲುಬಿನ ಜಾಗದಲ್ಲಿ ಬೆಳ್ಳಗೆ ಕಾಣ್ತು ಅಂತ ಸ್ವಲ್ಪ ಸರಿಸಿ ಕಪ್ಪು ಜಾಗದಲ್ಲಿ ನೋಡಿದೆ. ನನ್ನ ಪ್ರಕಾರ ಅದು ವೈಜ್ಞಾನಿಕ ಮನೋಭಾವ! ಕಪ್ಪಗೆ ಕಾಣೋದಕ್ಕೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ತಡೆಯೋದಕ್ಕೂ ಏನೇನೂ ಸಂಬಂಧ ಇಲ್ಲ ಅಂತ ಹೇಳೋರು ನಮ್ಮೂರಲ್ಲಿ ಯಾರೂ ಇರಲಿಲ್ಲ. ನನ್ನ ಕಣ್ಣು ಉಳಿದದ್ದು ಅದೃಷ್ಟ.

ಅದೇ ಬೆಳಿಗ್ಗೆ ಕಲಬುರಗಿ ಪಟ್ಟಣಕ್ಕೆ ಅಂಟಿಕೊಂಡಿರೋ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ಕೂಡಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದ್ರೆ ಕೈಕಾಲು ಸರಿಯಾಗುತ್ತೆ ಅನ್ನೋ ನಂಬಿಕೆ. ದೇಶದ ಪತ್ರಿಕೆಗಳಲ್ಲೆಲ್ಲ ಆ ಫೋಟೋ ಬಂತು. ಮಣ್ಣಿನ ಮೇಲೆ ಬರೀ ತಲೆಗಳು, ಅಳೋ ಮುಖಗಳು. ನನಗೆ ಆ ಅಪ್ಪ ಅಮ್ಮಂದಿರ ಮೇಲೆ ಸಿಟ್ಟು ಬರಲ್ಲ. ದವಾಖಾನೆ ಅಲೆದು ಅಲೆದು ಸೋತವರು ಯಾರೇನು ಹೇಳಿದ್ರೂ ಮಾಡ್ತಾರೆ. ಸಿಟ್ಟು ಬರೋದು ಆಮೇಲೆ ಶುರುವಾದ ಮಾತಿನ ಮೇಲೆ. "ಆ ಕಡೆ ಜನ ಹಂಗೇ, ಮೂಢನಂಬಿಕೆ" ಅಂತ ಟಿವಿ ಸ್ಟುಡಿಯೋದಲ್ಲಿ ಕೂತು ಹೇಳಿದವರು, ಅದೇ ಚಾನೆಲ್ಲಿನಲ್ಲಿ ಅರ್ಧ ಗಂಟೆ ಮೊದಲು ಯಾವ ರಾಶಿಗೆ ಏನು ದೋಷ ಅಂತ ಕೇಳಿಸಿಕೊಂಡು ಕೂತಿದ್ದರು.

ನಾನು ಹೇಳೋಕೆ ಹೊರಟಿರೋದು ಇದು. ನಮ್ಮೂರಲ್ಲಿ ಸೂರ್ಯನ ಬಗ್ಗೆ ಎರಡು ಭಯ ಇವೆ, ಒಂದು ಖರೇ, ಒಂದು ಸುಳ್ಳು. ಸೂರ್ಯನನ್ನು ಬರಿಗಣ್ಣಲ್ಲಿ ದಿಟ್ಟಿಸಿದ್ರೆ ಕಣ್ಣು ಹೋಗುತ್ತೆ, ಇದು ಖರೇ. ಆದ್ರೆ ಇದು ಗ್ರಹಣದ ದಿನಕ್ಕಷ್ಟೇ ಅಲ್ಲ, ವರ್ಷದ ಎಲ್ಲ ದಿನಕ್ಕೂ ಖರೇ. ಗ್ರಹಣದ ದಿನ ಒಂದೇ ಒಂದು ವ್ಯತ್ಯಾಸ ಅಂದ್ರೆ, ಬೆಳಕು ಸ್ವಲ್ಪ ಕಮ್ಮಿಯಾಗಿ, ನೋಡೋ ಆಸೆ ಹೆಚ್ಚಾಗಿ, ಜನ ದಿಟ್ಟಿಸೋಕೆ ಹೋಗ್ತಾರೆ. ಎರಡನೇ ಭಯ, ಗ್ರಹಣದಿಂದ ವಿಶೇಷ ಕಿರಣ ಬರುತ್ತೆ, ಅನ್ನ ಕೆಡುತ್ತೆ, ಬಸುರಿ ಹೊರಗೆ ಬರಬಾರದು ಅನ್ನೋದು. ಇದು ಸುಳ್ಳು. ಶಾಲೆಯಲ್ಲಿ ಏನಾಗುತ್ತೆ? "ಹೊರಗ ಹೋಗಬ್ಯಾಡ್ರಿ, ನೋಡಬ್ಯಾಡ್ರಿ" ಅಂತ ಒಂದೇ ಮಾತಿನಲ್ಲಿ ಎರಡನ್ನೂ ಕಲಸಿ ಕೊಡ್ತಾರೆ. ಆಯಿಯೂ ಅದನ್ನೇ ಹೇಳ್ತಾಳೆ, ವಿಜ್ಞಾನದ ಮಾಸ್ತರೂ ಅದನ್ನೇ ಹೇಳ್ತಾರೆ. ಹುಡುಗನಿಗೆ ಇಬ್ಬರೂ ಒಂದೇ ಪಕ್ಷ ಅನ್ಸುತ್ತೆ. ಖರೇ ಭಯ ಸುಳ್ಳು ಭಯಕ್ಕೆ ಸಾಕ್ಷಿ ಹೇಳೋಕೆ ಬಂದ ಹಾಗಾಗುತ್ತೆ.

ಹಾಗಂತ ಗ್ರಹಣದ ಹೊತ್ತಿನಲ್ಲಿ ಬೀದಿಗೆ ಬಂದು ಉಪ್ಪಿಟ್ಟು ತಿಂದು ಫೋಟೋ ಹಾಕೋದು ನನಗೆ ಅರ್ಧ ಮಾತ್ರ ಇಷ್ಟ. ತಪ್ಪಲ್ಲ, ತಿನ್ನಲಿ. ಆದ್ರೆ ತಟ್ಟೆ ನೋಡಿಕೊಂಡು ತಿಂದ್ರೆ ಆಕಾಶದಲ್ಲಿ ಏನಾಯ್ತು ಅಂತ ಗೊತ್ತಾಗೋದು ಹೇಗೆ? ನಮ್ಮ ಆಯಿಯ ಒನಕೆಯನ್ನ ಯಾರಾದ್ರೂ ಬಯ್ದ್ರೆ ನಾನು ಒಪ್ಪಲ್ಲ. ಅದರ ಬುಡ ಸಪಾಟಾಗಿದ್ರೆ ಅದು ಯಾವ ಮಂಗಳವಾರವೂ ನಿಲ್ಲುತ್ತೆ. ಅವಳ ಕೈಯಿಂದಲೇ ಒಂದು ಮಂಗಳವಾರ ನಿಲ್ಲಿಸಿ ತೋರಿಸಬೇಕು, ಅಷ್ಟೇ. ನಾನು ನಿಲ್ಲಿಸಿದೆ. ಅವಳು ಅದನ್ನ ನೋಡಿ "ಹೌದಲ್ಲ" ಅಂದು ಸುಮ್ಮನಾದಳು, ಮುಂದಿನ ಗ್ರಹಣಕ್ಕೆ ಮತ್ತೆ ನಿಲ್ಲಿಸಿದಳು. ಇರಲಿ.

ಹರಿವಾಣದ ನೀರಿನ ಬಗ್ಗೆ ಮಾತ್ರ ಎಚ್ಚರ ಹೇಳಲೇಬೇಕು. ನೀರಲ್ಲಿ ಬಿಂಬ ನೋಡಿದ್ರೆ ಸುರಕ್ಷಿತ ಅಂತ ಬಹಳ ಜನ ನಂಬಿದ್ದಾರೆ. ನೇರ ಬಿದ್ದ ಬೆಳಕಿನಲ್ಲಿ ನೀರು ನೂರಕ್ಕೆ ಸುಮಾರು ಎರಡು ಪಾಲು ವಾಪಸ್ ಕಳಿಸುತ್ತೆ. ಕಮ್ಮಿ ಅನ್ಸುತ್ತೆ ಅಲ್ವಾ? ಸೂರ್ಯನಿಗೆ ಅಂತ ಮಾಡಿದ ಫಿಲ್ಟರ್ ಬಿಡೋದು ಲಕ್ಷಕ್ಕೆ ಒಂದು ಪಾಲು. ಅಂದ್ರೆ ನೀರಿನ ಬಿಂಬ ಅದಕ್ಕಿಂತ ಎರಡು ಸಾವಿರ ಪಟ್ಟು ಪ್ರಖರ.

ಇದೆಲ್ಲದರ ನಡುವೆ ನಾವು ಮರೆತಿರೋ ಒಂದು ಸಂಗತಿ ಇದೆ. ಈ ಸೀಮೆ ಸೂರ್ಯನಿಗೆ ಬೆನ್ನು ಹಾಕಿದ ಸೀಮೆ ಏನಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸೂರ್ಯಗ್ರಹಣದ ನಿಮಿತ್ತ ಭೂಮಿ ಕೊಟ್ಟೆವು ಅನ್ನೋ ದಾಖಲೆ ಎಷ್ಟೋ ಸಲ ಬರುತ್ತೆ. ಯಾವ ದಿನ ಗ್ರಹಣ ಅಂತ ಮೊದಲೇ ಲೆಕ್ಕ ಹಾಕೋಕೆ ಬರ್ತಿತ್ತು ಅಂತಾಯ್ತಲ್ಲ. ಅಲ್ಲಿಂದ ಎಷ್ಟೋ ಶತಮಾನ ಈಚೆಗೆ, 1868ರ ಆಗಸ್ಟ್ 18ರಂದು, ಒಂದು ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಯಪುರ, ಜೇವರ್ಗಿ ಸೀಮೆಯನ್ನೆಲ್ಲ ದಾಟಿಕೊಂಡು ಗುಂಟೂರು, ಮಚಲಿಪಟ್ಟಣದ ಕಡೆ ಹೋಯ್ತು. ಜಮಖಂಡಿಯಲ್ಲಿ ಟೆಲಿಸ್ಕೋಪಿಗೆ ಸ್ಪೆಕ್ಟ್ರೋಸ್ಕೋಪ್ ಕೂಡಿಸಿಕೊಂಡು ಕಾದು ಕೂತಿದ್ದವನು ಜಾನ್ ಹರ್ಷೆಲ್. ಅದೇ ಹೆಸರಿನ ಪ್ರಸಿದ್ಧ ಖಗೋಳಜ್ಞನ ಮಗ, ಸರ್ವೇ ಇಲಾಖೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್ ಲೆಫ್ಟಿನೆಂಟ್. ನಮ್ಮ ಜಾತಿಯವನೇ ಅನ್ನಿ, ಎಂಜಿನಿಯರ್ ಜಾತಿ. ಮಳೆಗಾಲ, ಮೋಡ. ಮೋಡದ ಸಂದಿಯಲ್ಲಿ ಸಿಕ್ಕಷ್ಟು ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಆ ಕಿತ್ತಳೆ ಗೆರೆ ಸೋಡಿಯಂನದು ಅಂತಲೇ ಮೊದಲು ಎಲ್ಲರೂ ಅಂದುಕೊಂಡರು. ಅದಲ್ಲ ಅಂತ ಆಮೇಲೆ ಗೊತ್ತಾಯ್ತು, ಸೂರ್ಯನ ಹೆಸರಲ್ಲೇ ಹೀಲಿಯಂ ಅಂತ ಕರೆದರು.

ಅದೇ ದಿನ ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್‌ಗೆ ಒಂದು ಯೋಚನೆ ಬಂತು. ಈ ಗೆರೆಗಳು ಇಷ್ಟು ಪ್ರಕಾಶವಾಗಿದ್ರೆ ಗ್ರಹಣ ಇಲ್ಲದೆಯೂ ಕಾಣಬೇಕಲ್ಲ? ಮರುದಿನ ಬೆಳಿಗ್ಗೆ ಎದ್ದು ನೋಡಿದ. ಕಂಡಿತು.

ಈ ಮರುದಿನದ ಕತೆ ನನಗೆ ಗ್ರಹಣದ ಕತೆಗಿಂತ ಇಷ್ಟ. ಸೂರ್ಯನನ್ನು ನೋಡೋಕೆ ಗ್ರಹಣ ಬೇಕಿಲ್ಲ. ನಮ್ಮವರೇ ನಡೆಸೋ ಕೊಡೈಕನಾಲ್ ವೀಕ್ಷಣಾಲಯ, ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ್ದು, ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಆಕಾಶ ತಿಳಿಯಾಗಿದ್ದ ದಿನವೆಲ್ಲ ಸೂರ್ಯನ ಫೋಟೋ ತೆಗೀತಾ ಬಂದಿದೆ. ಈಗಂತೂ ಕಾಲ ಚೆನ್ನಾಗಿದೆ. ಸೂರ್ಯನ ಕಲೆಗಳಿಗೆ ಸುಮಾರು 11 ವರ್ಷದ ಏರಿಳಿತ ಇದೆ, ಈ ಸುತ್ತಿನ ಗರಿಷ್ಠ ಹಂತ ಬಂದಿದೆ ಅಂತ ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಆ ವರ್ಷದ ಮೇ ತಿಂಗಳಲ್ಲಿ ಕಂಡ ಒಂದು ಕಲೆಗಳ ಗುಂಪು ಎಷ್ಟು ದೊಡ್ಡದಿತ್ತೆಂದರೆ ಟೆಲಿಸ್ಕೋಪೇ ಬೇಕಿರಲಿಲ್ಲ, ಗ್ರಹಣದ ಕನ್ನಡಕ ಹಾಕಿಕೊಂಡವರಿಗೂ ಕಂಡಿತು. ಅದರಿಂದ ಎದ್ದ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯ್ತು. ಇನ್ನು ಕೆಲವು ವರ್ಷ ಕಳೆದ್ರೆ ವಾರಗಟ್ಟಲೆ ಒಂದು ಚುಕ್ಕೆಯೂ ಇಲ್ಲದೆ ಸೂರ್ಯ ಬೋಳಾಗಿರೋ ದಿನ ಬರುತ್ತೆ. ಆಗ ಹಳ್ಳಿ ಹುಡುಗರಿಗೆ ತೋರಿಸೋಕೆ ಬರೀ ಒಂದು ದುಂಡು ಇರುತ್ತೆ.

"ಆದಿತ್ಯ-ಎಲ್1 ಕಳಿಸಿರೋ ಚಿತ್ರ ಮೊಬೈಲಿನಲ್ಲೇ ಇದೆಯಲ್ಲ, ಈ ರಿಸ್ಕ್ ಯಾಕೆ?" ಅಂತ ನಮ್ಮ ಒಬ್ಬ ಲೆಕ್ಚರರ್ ಕೇಳಿದ್ರು. ನ್ಯಾಯವಾದ ಪ್ರಶ್ನೆ. 2024ರ ಜನವರಿ 6ರಿಂದ ಅದು ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ಕೂತು ಸೂರ್ಯನನ್ನು ನೋಡ್ತಿದೆ, ಅದರ ದೊಡ್ಡ ಉಪಕರಣ ತಯಾರಾದದ್ದು ನಮ್ಮ ಹೊಸಕೋಟೆಯಲ್ಲಿ. ಹೆಮ್ಮೆ ಇದೆ. ಆದ್ರೆ ಮೊಬೈಲಿನಲ್ಲಿ ಹುಡುಗರು ಹುಲಿ ಹಾರೋದೂ ನೋಡ್ತಾರೆ, ದೇವರು ಕಣ್ಣು ಬಿಡೋದೂ ನೋಡ್ತಾರೆ. ಅದರಲ್ಲಿ ಯಾವುದು ಖರೇ ಅಂತ ತೂಗೋ ತಕ್ಕಡಿ ಅವರ ಕೈಗೆ ಯಾರೂ ಕೊಟ್ಟಿಲ್ಲ. ತಮ್ಮ ಬೆನ್ನು ಸುಡ್ತಿರೋ ಅದೇ ಸೂರ್ಯನನ್ನ, ಅದೇ ಹೊತ್ತಿನಲ್ಲಿ, ಕೊಳವೆ ಮುಟ್ಟಿ ನೋಡೋದು ಬೇರೆ. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಒಳ್ಳೇದೇ ಇದೆ. ಆದ್ರೆ ಆಳಂದದ ಗಡಿ ಹಳ್ಳಿಯ ಹುಡುಗ ಅಲ್ಲಿಗೆ ಬರೋದು ಶಾಲೆಯ ಟೂರಿನಲ್ಲಿ, ಬಂದ್ರೆ ಒಮ್ಮೆ. ಸೂರ್ಯ ಅವನ ಹೊಲದ ಮೇಲೇ ಇದ್ದಾನೆ. ಹೋಗಬೇಕಾದವರು ನಾವು.

ಈಗ ರಿಸ್ಕಿನ ಮಾತು. ಎಂಜಿನಿಯರ್‌ಗೆ ರಿಸ್ಕ್ ಅಂದ್ರೆ ಓಡಿಹೋಗೋ ವಿಷಯ ಅಲ್ಲ, ಡಿಸೈನ್ ಮಾಡೋ ವಿಷಯ.

ಫಿಲ್ಟರ್ ಯಾವಾಗಲೂ ಕೊಳವೆಯ ಬಾಯಿಗೆ, ಸೂರ್ಯನ ಕಡೆಗೆ. ಕಣ್ಣಿನ ಕಡೆಗಲ್ಲ. ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕೋ ಒಂದು ಕಪ್ಪು ಗಾಜಿನ ಬಿಲ್ಲೆ ಬರ್ತಿತ್ತು, ಮೇಲೆ "ಸನ್" ಅಂತ ಬರೆದಿರುತ್ತೆ. ನಿಮ್ಮ ಪೆಟ್ಟಿಗೆಯಲ್ಲಿ ಇದ್ರೆ ಇವತ್ತೇ ಸುತ್ತಿಗೆಯಿಂದ ಒಡೆದುಹಾಕಿ. ಬೇರೆಯವರ ಕೈಗೂ ಸಿಗಬಾರದು. ಕೂಡಿಹಾಕಿದ ಬೆಳಕಿನ ಕಾವೆಲ್ಲ ಅದರ ಮೇಲೆ ಬಿದ್ದು ಅದು ಸೀಳುತ್ತೆ, ಸೀಳೋದು ಯಾರೋ ನೋಡ್ತಿರುವಾಗಲೇ. ಗ್ರಹಣದ ಕನ್ನಡಕ ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ಬಗ್ಗೋದೂ ಇದೇ ತಪ್ಪು. ಐಎಸ್‌ಒ 12312-2 ಅಂತ ಮುದ್ರೆ ಇರೋ ಕನ್ನಡಕವೂ ಬರಿಗಣ್ಣಿಗೆ ಮಾತ್ರ ಮಾಡಿದ್ದು.

ಹಾಳೆ ಕೊಳ್ಳುವಾಗ ಓಡಿ 5 ಅಂತ ಇರೋದನ್ನೇ ಕೊಳ್ಳಿ. ಓಡಿ ಅಂದ್ರೆ ಆಪ್ಟಿಕಲ್ ಡೆನ್ಸಿಟಿ, ಲಾಗರಿದಮ್. 5 ಅಂದ್ರೆ ಹತ್ತರ ಐದನೇ ಘಾತ, ಲಕ್ಷಕ್ಕೆ ಒಂದು. ಬಾಡರ್ ಕಂಪನಿಯದೇ 3.8ರ ಹಾಳೆಯೂ ಸಿಗುತ್ತೆ, ಅದು ಕ್ಯಾಮೆರಾಗೆ ಮಾತ್ರ. ನೋಡೋಕೆ ಎರಡೂ ಒಂದೇ ತರಹ ಬೆಳ್ಳಿ ಕಾಗದ. ಅಂಕಿ 1.2 ಕಮ್ಮಿ, ಆದ್ರೆ ಬೆಳಕು ಹದಿನಾರು ಪಟ್ಟು ಹೆಚ್ಚು. ನಮ್ಮಲ್ಲಿ ಲಾಗ್ ಸ್ಕೇಲ್ ಅಂದ್ರೆ ಮುಖ ಕಿವುಚೋರು ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಹಾಳೆಯ ಬೆಲೆ ನಮ್ಮ ಟೆಕ್ ಫೆಸ್ಟಿಗೆ ಗೇಟಿನಲ್ಲಿ ಕಟ್ಟೋ ಫ್ಲೆಕ್ಸುಗಳ ಖರ್ಚಿಗಿಂತ ಹೆಚ್ಚೇನಿಲ್ಲ.

ಕೂಡಿಸೋ ಕೆಲಸ ನಮ್ಮದು, ಇಲ್ಲೇ ನಾನು ಎಡವಿದ್ದು. ದಪ್ಪ ರಟ್ಟಿನ ಎರಡು ಬಳೆ ಮಾಡಿ, ನಡುವೆ ಹಾಳೆ ಇಟ್ಟು, ಕೊಳವೆ ಮೇಲೆ ನಾಲ್ಕು ಬೆರಳಷ್ಟು ಇಳಿದು ಬಿಗಿಯಾಗಿ ಕೂರೋ ಟೋಪಿ ಮಾಡಬೇಕು. ಹಾಳೆ ತಮಟೆ ಹಾಗೆ ಬಿಗಿಯಬೇಕಿಲ್ಲ, ಸುಕ್ಕಿದ್ರೆ ಅಡ್ಡಿಯಿಲ್ಲ, ಎಳೆದ್ರೆ ಕೆಡುತ್ತೆ. ಆ ಟೋಪಿಯನ್ನ ಮೂರು ಕಡೆ ದಾರದಿಂದ ಕೊಳವೆಗೆ ಕಟ್ಟಬೇಕು. ಟೇಪ್ ಬಿಟ್ರೂ ದಾರ ಹಿಡಿಯುತ್ತೆ, ಒಂದು ದಾರ ಹರಿದ್ರೂ ಎರಡು ಉಳಿಯುತ್ತೆ. ಕ್ಲಾಸಿನಲ್ಲಿ ರಿಡಂಡೆನ್ಸಿ ಅಂತ ಹತ್ತು ಮಾರ್ಕಿಗೆ ಬರೀತೀವಲ್ಲ, ಅದು ಇದೇ. ಪ್ರತಿ ಸಲ ಹಾಕೋ ಮೊದಲು ಹಾಳೆಯನ್ನ ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಸೂಜಿ ಮೊನೆಯಷ್ಟು ತೂತು ಕಂಡ್ರೂ ಕಸಕ್ಕೆ. ಫೈಂಡರ್ ಅನ್ನೋ ಸಣ್ಣ ದುರ್ಬೀನು ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ದೊಡ್ಡ ಕೊಳವೆಗೆ ಫಿಲ್ಟರ್ ಹಾಕಿ ಪಕ್ಕದ ಸಣ್ಣದನ್ನ ಮರೆಯೋದು ಎಲ್ಲರೂ ಮಾಡೋ ತಪ್ಪು. ಫೈಂಡರ್ ಇಲ್ಲದೆ ಸೂರ್ಯನನ್ನು ಹಿಡಿಯೋದು ಹೇಗೆ? ನೆಲದ ಮೇಲೆ ಕೊಳವೆಯ ನೆರಳು ನೋಡಿ. ನೆರಳು ಎಲ್ಲಕ್ಕಿಂತ ಗಿಡ್ಡ ಆದಾಗ ಕೊಳವೆ ಸೂರ್ಯನ ಕಡೆಗಿದೆ. ಇನ್ನು ಒಬ್ಬ ಮನುಷ್ಯ, ಬೇರೆ ಯಾವ ಕೆಲಸವೂ ಇಲ್ಲದೆ, ಫಿಲ್ಟರ್ ಕಡೆಗೇ ಮುಖ ಮಾಡಿ ನಿಲ್ಲಬೇಕು. ವಿವರಣೆ ಕೊಡೋನು ಬೇರೆ. ಅವತ್ತು ಆ ಒಬ್ಬ ಮನುಷ್ಯ ನಮ್ಮಲ್ಲಿರಲಿಲ್ಲ.

ಟೆಲಿಸ್ಕೋಪ್ ಇಲ್ಲದ ಶಾಲೆಗೆ ಒಂದು ಪುಟ್ಟ ಕನ್ನಡಿ ಸಾಕು. ಅದಕ್ಕೆ ಕಾಗದ ಅಂಟಿಸಿ ಅರ್ಧ ಸೆಂಟಿಮೀಟರಿನ ತೂತು ಮಾಡಿ, ಅಂಗಳದಿಂದ ಬಿಸಿಲನ್ನು ಕತ್ತಲೆ ಕೋಣೆಯ ಗೋಡೆಗೆ ಹೊಡೆಸಿ. ಇಪ್ಪತ್ತು ಮೀಟರ್ ದೂರದಲ್ಲಿ ಸುಮಾರು 18 ಸೆಂಟಿಮೀಟರಿನ ಸೂರ್ಯ ಗೋಡೆ ಮೇಲೆ ಕೂರ್ತಾನೆ. ಕನ್ನಡಿಯನ್ನ ಯಾರ ಕಣ್ಣಿಗೂ ಹೊಡೆಯಬಾರದು, ಗೋಡೆ ಬಿಟ್ಟು ಕನ್ನಡಿ ಕಡೆ ಯಾರೂ ನೋಡಬಾರದು, ಅಷ್ಟು ಕಾದುಕೊಂಡ್ರೆ ಆಯ್ತು. ಸಣ್ಣ ಕಲೆ ಇದರಲ್ಲಿ ಕಾಣಲ್ಲ, ಆದ್ರೆ ಗ್ರಹಣ ಸೊಗಸಾಗಿ ಕಾಣುತ್ತೆ, ಇಡೀ ಕ್ಲಾಸು ಒಟ್ಟಿಗೆ ನೋಡಬಹುದು.

ಮೂರು ತಾಲ್ಲೂಕು ಅಂತ ಯಾಕೆ ಹಟ ಹಿಡಿದಿದ್ದೀನಿ ಅಂದ್ರೆ ಅದಕ್ಕೆ ಇನ್ನೊಂದು ಕಾರಣ ಇದೆ, ಇದು ನನ್ನ ಹುಚ್ಚು ಅನ್ನಿ. ಮೇ ಎರಡನೇ ವಾರದ ಆಸುಪಾಸು ನಮ್ಮ ಕಡೆ ಸೂರ್ಯ ಮಧ್ಯಾಹ್ನ ನೆತ್ತಿಗೆ ಸರಿಯಾಗಿ ಬರ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ದಕ್ಷಿಣಕ್ಕಿರೋ ಜೇವರ್ಗಿಗೆ ಮೊದಲು, ನಡುವೆ ಅಫಜಲಪುರ, ಉತ್ತರದ ಆಳಂದಕ್ಕೆ ಸುಮಾರು ಎರಡು ದಿನ ತಡ. ಜೇವರ್ಗಿಯಲ್ಲಿ ನೆರಳು ಸೊನ್ನೆ ಆದ ದಿನ ಆಳಂದದಲ್ಲಿ ಒಂದು ಮೀಟರ್ ಕೋಲಿಗೆ ಸುಮಾರು ಒಂದು ಸೆಂಟಿಮೀಟರ್ ನೆರಳು. ಅಷ್ಟರಿಂದ, ಎರಡೂ ಊರಿನ ಉತ್ತರ ದಕ್ಷಿಣ ಅಂತರ ಗೊತ್ತಿದ್ರೆ, ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ತೊಂದರೆ ಏನಂದ್ರೆ ಸೂರ್ಯನ ಅಗಲವೇ ಅರ್ಧ ಡಿಗ್ರಿ, ಹಾಗಾಗಿ ನೆರಳಿನ ಅಂಚೇ ಒಂದು ಸೆಂಟಿಮೀಟರ್ ಮಬ್ಬಾಗಿರುತ್ತೆ. ಎರರ್ ಅನಾಲಿಸಿಸ್ ಕಲಿಯೋಕೆ ಇದಕ್ಕಿಂತ ಒಳ್ಳೇ ಪ್ರಾಕ್ಟಿಕಲ್ ನಮ್ಮ ಸಿಲಬಸ್ಸಿನಲ್ಲಿ ಇಲ್ಲ.

ತಾರೀಖೂ ಗೊತ್ತಾಗಿದೆ. 2027ರ ಆಗಸ್ಟ್ 2, ಸೋಮವಾರ, ಆಷಾಢದ ಅಮಾವಾಸ್ಯೆ. ಈಜಿಪ್ಟಿನ ಲಕ್ಸರ್, ಅರೇಬಿಯಾದ ಮೆಕ್ಕಾದಲ್ಲಿ ಪೂರ್ಣ ಗ್ರಹಣ. ನಮಗೆ ಸಂಜೆ ಇಳಿಹೊತ್ತಿನಲ್ಲಿ ಪಾರ್ಶ್ವ. 1868ರ ಹಾಗೆ ಅವತ್ತೂ ಮೋಡ ಇರಬಹುದು. ಇದ್ರೆ ಇರಲಿ, ಅಷ್ಟರೊಳಗೆ ಹುಡುಗರು ಹತ್ತು ಸಲ ಸೂರ್ಯನನ್ನು ನೋಡಿರಬೇಕು. ಬರೀ ಗ್ರಹಣದ ದಿನ ಟೆಲಿಸ್ಕೋಪ್ ಹೊತ್ತುಕೊಂಡು ಹೋದ್ರೆ ಗ್ರಹಣವೇ ದೊಡ್ಡ ವಿಶೇಷ ಅಂತ ನಾವೇ ಒಪ್ಪಿಕೊಂಡ ಹಾಗೆ. ಯಾವುದೋ ಒಂದು ಸಾದಾ ಶನಿವಾರ ಸೂರ್ಯನನ್ನು ನೋಡಿದವಳು ಆ ಸೋಮವಾರ ಚಂದ್ರ ಅಡ್ಡ ಬಂದಾಗ ಬಾಗಿಲು ಹಾಕಿಕೊಂಡು ಕೂರಲ್ಲ.

ಹೋದ ದೀಪಾವಳಿ ರಜೆಯಲ್ಲಿ ಹೊಸ ಟೋಪಿ, ಮೂರು ದಾರ ಕಟ್ಟಿದ್ದು, ಊರಿಗೆ ಒಯ್ದಿದ್ದೆ. ಭೀಮಾ ದಂಡೆಯ ನಮ್ಮ ಹೊಲದಲ್ಲಿ ಮೊದಲು ಬಗ್ಗಿ ನೋಡಿದವನು ಮುತ್ಯಾ. ಎಪ್ಪತ್ತು ದಾಟಿದೆ, ಬದುಕೆಲ್ಲ ಬಿಸಿಲಲ್ಲೇ ಕಳೆದಿದೆ.

"ಇಷ್ಟ ಸಣ್ಣವ ಇದ್ದಾನೇನೋ?" ಅಂದ.

"ಕಾಣ್ಲಿಕ್ಕೆ ಅಷ್ಟೇ ಮುತ್ಯಾ, ಚಂದ್ರಾಮನಷ್ಟೇ."

"ಮತ್ತ ನಡಬರ್ಕ ಕಡ್ಲಿ ಬ್ಯಾಳಿ ಹಂಗ ಕರಿ ಚುಕ್ಕಿ ಅದಾವಲ್ಲ?"

"ಅದರಾಗ ಒಂದೊಂದು ನಮ್ಮ ಭೂಮಿಕಿಂತ ದೊಡ್ಡದು."

ಬಹಳ ಹೊತ್ತು ಕಣ್ಣು ತೆಗೀಲಿಲ್ಲ. ಭೂಮಿ ತಿರುಗೋದಕ್ಕೆ ಸೂರ್ಯ ಐಪೀಸಿನಿಂದ ಜಾರಿ ಹೋದಾಗ ಮಾತ್ರ, "ಏ, ಹ್ವಾದ ನೋಡು, ಹಿಡಿ ಹಿಡಿ" ಅಂದ. ಆಯಿ ದೂರ ನಿಂತು ಬೈತಿದ್ದಳು, ಆಮೇಲೆ ಅವಳೂ ಬಂದಳು.

ಜೇವರ್ಗಿಯ ಆ ಶಾಲೆಗೆ ನಾವು ವಾಪಸ್ ಹೋಗಿಲ್ಲ. ಆ ಹುಡುಗಿ ಈಗ ಎಂಟನೇ ಕ್ಲಾಸಿನಲ್ಲಿ ಇರಬೇಕು, ಅವಳ ಪಾಳಿ ಬಾಕಿ ಇದೆ. ಈ ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿದ ಮೇಲೆ ವರ್ಕ್‌ಶಾಪಿನ ಹಿಂದೆ ಟೋಪಿ ಮಾಡೋಕೆ ಕೂರ್ತೀವಿ. ಮೂರು ತಾಲ್ಲೂಕಿಗೆ ಮೂರು, ಮೇಲೊಂದು. ದಪ್ಪ ರಟ್ಟು, ಕತ್ತರಿ, ಗಟ್ಟಿ ದಾರ ತನ್ನಿ. ಸೆಲ್ಲೋಟೇಪ್ ಬೇಡ.